ಕಲೀಗ್ ಎಂಬ ಪದವೂ ನಮ್ಮೂರ ಹುಣಸೆಮರವೂ

೪ ಫೆಬ್ರವರಿ ೧೯೬೩, ಸೋಮವಾರ

ಇವತ್ತು ಒಂದು ಒಳ್ಳೆಯ ಪದ ಸಿಕ್ಕಿದೆ. ದಾಸರಹಳ್ಳಿಯಿಂದ ಮನೆಯವರೆಗೂ ಸೈಕಲ್ ತುಳಿಯುತ್ತಾ ಅದನ್ನೇ ಬಾಯಲ್ಲಿ ಹೊರಳಿಸಿಕೊಂಡು ಬಂದೆ. ಕಲೀಗ್.

ಕಾರ್ಖಾನೆಯಲ್ಲಿ ಸೋಮವಾರ, ಗುರುವಾರ ಸಂಜೆ ಟೈಮ್ ಆಫೀಸಿನ ಆನಂದಪ್ಪನವರು ನಮಗೆ ಇಂಗ್ಲಿಷ್ ಹೇಳಿಕೊಡುತ್ತಾರೆ. ಒಂದು ಪದ ಕೊಟ್ಟು, ವಾಕ್ಯದಲ್ಲಿ ಬಳಸಿಕೊಂಡು ಬನ್ನಿ ಅನ್ನುತ್ತಾರೆ. ವಾಕ್ಯ ಕನ್ನಡದಲ್ಲೇ ಇರಲಿ, ಪದ ಮಾತ್ರ ಇಂಗ್ಲಿಷಿನದಾಗಲಿ, ಮೊದಲು ನಾಲಿಗೆಗೆ ಭಯ ಬಿಡಲಿ ಎಂಬುದು ಅವರ ಲೆಕ್ಕ. ಕಲೀಗ್ ಅಂದರೆ ಜೊತೆಯಲ್ಲಿ ಕೆಲಸ ಮಾಡುವವನಂತೆ. ನೆಂಟನಲ್ಲ. ಸ್ನೇಹಿತನೇ ಆಗಿರಬೇಕೆಂದಿಲ್ಲ. ಮೇಲಿನವನಲ್ಲ, ಕೆಳಗಿನವನೂ ಅಲ್ಲ. ಇಂಥ ಮನುಷ್ಯನೊಬ್ಬ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಬಾಗಲಗುಂಟೆಯಲ್ಲಿ ಯಾರೇ ಎದುರಾದರೂ ಮಾವ, ಭಾವ, ದೊಡ್ಡಪ್ಪ. ಅದಲ್ಲದಿದ್ದರೆ ಒಬ್ಬ ಗೌಡ, ಇನ್ನೊಬ್ಬ ಆಳು. ಅಷ್ಟಕ್ಕೇ ನಮ್ಮೂರು ಮುಗಿಯಿತು.

ನಿಮ್ಮ ನಿಮ್ಮ ಕಲೀಗ್ ಯಾರು ಹೇಳಿ ಅಂದರು. ನಾನು ತುಂಬಾ ಯೋಚಿಸಿದೆ. ನನಗಿನ್ನೂ ಕಲೀಗ್ ಇಲ್ಲ ಸಾರ್, ಕ್ರೇನಿಗೆ ಹಾಕಿದರೆ ಒಬ್ಬ ಸಿಗಬಹುದು ಅಂದೆ. ಎಲ್ಲರೂ ನಕ್ಕರು. ನಗಲಿ. ಹೊಸ ಶೆಡ್ಡಿಗೆ ಬಂದಿರುವ ಆ ಹಳದಿ ಕ್ರೇನು ನನ್ನ ಕನಸಿನಲ್ಲೂ ಓಡಾಡುತ್ತಿದೆ. ಅದಕ್ಕೆ ಇಬ್ಬರನ್ನು ಆರಿಸುತ್ತೇನೆಂದು ಮೇಸ್ತ್ರಿ ಲಾಲ್ ಸಾಬ್ ಹೇಳಿದ್ದಾರೆ. ನಮ್ಮ ರಾಗಿ ಹೊಲವನ್ನು ಕಾರ್ಖಾನೆಗೆ ತೆಗೆದುಕೊಂಡಾಗ ನನಗೊಂದು ಕೆಲಸ ಕೊಟ್ಟರು, ಹೊಲ ಉಳುತ್ತಿದ್ದ ನಮ್ಮ ಮನೆಯ ಆಳು ಮುನಿಯಲ್ಲನಿಗೂ ಒಂದು ಕೊಟ್ಟರು. ಅಂದಿನಿಂದ ಅವನೂ ನಾನೂ ದಿನವಿಡೀ ಲಾರಿಯಿಂದ ಪೆಟ್ಟಿಗೆ ಇಳಿಸುತ್ತಿದ್ದೇವೆ. ಮಿಡ್ಲ್ ಸ್ಕೂಲ್ ಪಾಸಾದವನು ಎಷ್ಟು ದಿನ ಪೆಟ್ಟಿಗೆ ಹೊರಬೇಕು?

೬ ಫೆಬ್ರವರಿ, ಬುಧವಾರ

ವಾಕ್ಯ ಮಾಡುವುದು ಹುಚ್ಚಿನ ಥರ ಹಿಡಿದಿದೆ. ಬೆಳಿಗ್ಗೆ ನಾನೂ ಹೆಂಡತಿ ಸೊಣ್ಣಮ್ಮನೂ ರಾಗಿ ಮೂಟೆ ಒಳಗೆ ಎಳೆಯುತ್ತಿದ್ದಾಗ, ನೋಡು, ಈಗ ನೀನು ನನ್ನ ಕಲೀಗ್ ಅಂದೆ. ಎದ್ದ ಗಳಿಗೆಯಲ್ಲೇ ಯಾಕೆ ಬೈಯ್ತೀರಾ ಎಂದು ಮೂಟೆಯ ತನ್ನ ಕಡೆಯ ತುದಿ ಬಿಟ್ಟುಬಿಟ್ಟಳು. ಕಾಲು ಸ್ವಲ್ಪದರಲ್ಲಿ ಉಳಿಯಿತು.

ಆಮೇಲೆ ಕೊಟ್ಟಿಗೆಯಲ್ಲಿ ಇದಕ್ಕಿಂತ ಒಳ್ಳೆಯದು ಹೊಳೆಯಿತು. ಎಡದ ಎತ್ತು ಬಲದ ಎತ್ತಿನ ಕಲೀಗ್. ನೊಗಕ್ಕೆ ಕಟ್ಟಿದ ಮೇಲೆ ಯಾವುದು ದೊಡ್ಡದು, ಯಾವುದು ಚಿಕ್ಕದು? ಇದನ್ನು ಕೇಳಿದರೆ ಆನಂದಪ್ಪನವರು ಭೇಷ್ ಅನ್ನಲೇಬೇಕು.

೧೧ ಫೆಬ್ರವರಿ, ಸೋಮವಾರ

ಕ್ರೇನು ನನ್ನದು. ನನ್ನದು, ನನ್ನದು. ಬೆಳಿಗ್ಗೆ ಲಾಲ್ ಸಾಬ್ ನನ್ನ ಬೆನ್ನು ತಟ್ಟಿ, ಮೇಲೆ ಕ್ಯಾಬಿನ್ನಿನಲ್ಲಿ ನೀನು ಕೂತ್ಕೋ ಚಿಕ್ಕಬೈರಪ್ಪ, ಓದಿದವನು, ಬೇಗ ಕಲೀತೀಯ ಅಂದರು.

ಕೆಳಗೆ ನಿಂತು ಸನ್ನೆ ಕೊಡುವವನು ಯಾರು ಎಂದು ಕೇಳಿದರೆ ಮುನಿಯಲ್ಲ. ನಮ್ಮ ಮುನಿಯಲ್ಲ! ಕಾರ್ಖಾನೆಯಲ್ಲಿ ಇಷ್ಟು ಜನರಿರುವಾಗ ಅವನೇ ಸಿಗಬೇಕೇ? ಪೆಟ್ಟಿಗೆ ಎತ್ತುವಾಗ ನಾವಿಬ್ಬರೂ ಮಾತಿಲ್ಲದೆ ಹೊಂದಿಕೊಳ್ಳುವುದನ್ನು ಲಾಲ್ ಸಾಬ್ ನೋಡಿದ್ದಾರಂತೆ. ಇರಲಿ, ಒಂದು ರೀತಿಯಲ್ಲಿ ಒಳ್ಳೆಯದೇ. ಹೇಳಿದಂತೆ ಕೇಳುವವನು.

ಕ್ಲಾಸಿನಲ್ಲಿ ಎತ್ತಿನ ವಾಕ್ಯಕ್ಕೆ ಚಪ್ಪಾಳೆ ಬಿತ್ತು.

೧೪ ಫೆಬ್ರವರಿ, ಗುರುವಾರ

ಕ್ಯಾಬಿನ್ನಿನಲ್ಲಿ ಕುಳಿತರೆ ಇಡೀ ಶೆಡ್ಡು ಕಾಲಡಿಯಲ್ಲಿ. ಎಡಗಡೆಯ ಕಿಟಕಿಯಿಂದ ನಮ್ಮ ಹಳೆಯ ಹೊಲದ ಬದು ಎಲ್ಲಿತ್ತೆಂದು ಅಂದಾಜು ಮಾಡಬಹುದು. ಈಗ ಅಲ್ಲಿ ಕಲ್ಲಿದ್ದಲಿನ ರಾಶಿ ಬಿದ್ದಿದೆ. ಅದನ್ನು ನೋಡಿದರೆ ಸಂಕಟವಾಗಬೇಕಿತ್ತು. ನನಗೋ ಇದರ ಹಿಡಿ, ಅದರ ಹಿಡಿ ಎಳೆಯುವ ಸಂಭ್ರಮವೇ ಹೆಚ್ಚಾಗಿತ್ತು. ಟನ್ನುಗಟ್ಟಲೆ ತೂಕ ನನ್ನ ಬೆರಳಿಗೆ ಏಳುತ್ತದೆ, ಬೆರಳಿಗೆ ಇಳಿಯುತ್ತದೆ.

ಆದರೆ ಮೇಲೆ ಕುಳಿತವನಿಗೆ ಪೆಟ್ಟಿಗೆಯ ತಲೆ ಕಾಣುತ್ತದೆಯೇ ಹೊರತು ಅದರ ಅಡಿ ಕಾಣುವುದಿಲ್ಲ. ಆ ಗದ್ದಲದಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ಎಲ್ಲವೂ ಕೈಸನ್ನೆ. ತೋರುಬೆರಳು ಮೇಲೆ ತಿರುಗಿಸಿದರೆ ಎತ್ತು, ಕೆಳಗೆ ತೋರಿಸಿದರೆ ಇಳಿಸು, ಮುಷ್ಟಿ ಬಿಗಿದು ತಲೆಯ ಮೇಲೆ ಎತ್ತಿದರೆ ನಿಲ್ಲಿಸು. ಲಾಲ್ ಸಾಬ್ ನನಗೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು: “ಕೆಳಗಿನವನ ಕೈಯೇ ನಿನ್ನ ಕಣ್ಣು. ಬೇರೆ ಯಾರು ಕೈ ಆಡಿಸಿದ್ರೂ ನೋಡ್ಬೇಡ ಭಾಯ್, ಸಾಕ್ಷಾತ್ ಮ್ಯಾನೇಜರ್ರೇ ಆದ್ರೂನೂ.”

ಮುನಿಯಲ್ಲನ ಕೈ ಮಾತ್ರ ಎದೆಗಿಂತ ಮೇಲೆ ಏಳುವುದಿಲ್ಲ. ತಲೆ ಬಗ್ಗಿಸಿಕೊಂಡು ಹೊಟ್ಟೆಯ ಹತ್ತಿರ ಬೆರಳು ಆಡಿಸುತ್ತಾನೆ. ಎಲೆಅಡಿಕೆ ಕೇಳುವವನ ಹಾಗೆ. ಅಲ್ಲಿಂದ ನನಗೇನು ಕಾಣಬೇಕು? ಕತ್ತು ಚಾಚಿ ಚಾಚಿ ನೋವು ಬಂದಿದೆ.

೧೬ ಫೆಬ್ರವರಿ, ಶನಿವಾರ

ಲಾಲ್ ಸಾಬ್ ಬೈದಿದ್ದಕ್ಕೆ ಇವತ್ತು ಮುನಿಯಲ್ಲ ಸನ್ನೆ ಸರಿಯಾಗಿ ಕೊಟ್ಟ. ಮುಷ್ಟಿ ಬಿಗಿದು, ತಲೆಯ ಮೇಲೆತ್ತಿ, ನೇರವಾಗಿ ನನ್ನ ಮುಖ ನೋಡಿ. ಕ್ರೇನೇನೋ ನಿಲ್ಲಿಸಿದೆ. ಆದರೆ ಕಿವಿಯವರೆಗೆ ಬಿಸಿ ಏರಿತು. ಅವನ ಅಪ್ಪ ನಮ್ಮ ಅಪ್ಪನ ಎದುರು ಚಪ್ಪಲಿ ಮೆಟ್ಟಿ ನಿಂತವನಲ್ಲ. ಶೆಡ್ಡಿನ ಜನರೆಲ್ಲಾ ನೋಡುತ್ತಿದ್ದರು.

ಇಳಿದು ಬಂದು, ಏನೂ ಬೈಯದೆ, ಕೈ ಸ್ವಲ್ಪ ಕೆಳಗಿರಲಿ ಮುನಿಯಲ್ಲ ಅಂದೆ ಅಷ್ಟೆ. ಮೆತ್ತಗೇ ಹೇಳಿದೆ. ಆಗಲಿ ಗೌಡ್ರೇ ಅಂದ.

೨೦ ಫೆಬ್ರವರಿ, ಬುಧವಾರ

ಹಾಳಾಯಿತು. ಎಣ್ಣೆ ಪೀಪಾಯಿಗೆ ಪೆಟ್ಟಿಗೆ ಬಡಿದು ನೆಲವೆಲ್ಲಾ ಎಣ್ಣೆ. ಮುನಿಯಲ್ಲ ನಿಲ್ಲಿಸು ಎಂದು ಸನ್ನೆ ಕೊಟ್ಟನಂತೆ. ಎಲ್ಲಿ ಕೊಟ್ಟ? ಹೊಟ್ಟೆಯ ಹತ್ತಿರ. ನಾನು ಕಂಡೆನೇ? ಬುದ್ಧಿ ಇಲ್ಲದವನನ್ನು ನನಗೆ ಗಂಟುಹಾಕಿದ್ದಾರೆ.

ಮಾರ್ಚ್ ಆರಕ್ಕೆ ದೊಡ್ಡ ಇಂಜಿನಿಯರ ಎದುರು ಪರೀಕ್ಷೆ. ಪಾಸಾದರೆ ಕ್ರೇನು ನಮಗೆ ಕಾಯಂ. ಇಲ್ಲದಿದ್ದರೆ ಇಬ್ಬರೂ ಮತ್ತೆ ಪೆಟ್ಟಿಗೆ ಹೊರಲು. ಒಬ್ಬನೇ ಪಾಸಾಗುವುದಿಲ್ಲ, ಜೋಡಿಗೆ ಪರೀಕ್ಷೆ ಎಂದರು ಲಾಲ್ ಸಾಬ್. ನಾಳೆಯ ಕ್ಲಾಸಿಗೆ ಹೋಗುವುದಿಲ್ಲ. ಕಲೀಗೂ ಬೇಡ, ಏನೂ ಬೇಡ.

೨೧ ಫೆಬ್ರವರಿ, ಗುರುವಾರ

ಮುದ್ದೆ ತಿರುವುತ್ತಾ ಸೊಣ್ಣಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಮುನಿಯಲ್ಲನ ದಡ್ಡತನವನ್ನು ನಾನು ಮನಸಾರೆ ಬಣ್ಣಿಸಿದೆ. ಅವಳು ಕೋಲು ಕೆಳಗಿಟ್ಟು, “ಕೈ ಇಳಿಸು ಅಂದೋರು ನೀವು. ಈಗ ಕೈ ಎತ್ತಲ್ಲ ಅಂತ ಬೈಯೋರೂ ನೀವೇ. ಆ ಮನುಷ್ಯ ಕೈನ ಎಲ್ಲಿ ಇಟ್ಕಬೇಕು, ಅದಾದ್ರೂ ಏಳಿ” ಅಂದಳು.

ನನಗೆ ಸಿಟ್ಟು ಬಂದು ಮೊಸರಿಲ್ಲದೆ ಎದ್ದೆ. ಕ್ರೇನಿನ ವಿಷಯ ಹೆಂಗಸರಿಗೆ ಏನು ಗೊತ್ತು?

ಆದರೂ ಮುನಿಯಲ್ಲನ ಹಟ್ಟಿಯ ಕಡೆ ಹೋದೆ, ಸುಮ್ಮನೆ ಗಾಳಿಗೆ. ಅವನು ಎದ್ದು ನಿಂತ. ಪರೀಕ್ಷೆಯ ಮಾತೆತ್ತಿ, ಇನ್ನು ಮೇಲೆ ಕೈ ಧಾರಾಳವಾಗಿ ಎತ್ತು, ನಾನೇ ಹೇಳುತ್ತಿದ್ದೇನೆ ಅಂದೆ. ಅವನು ನೆಲ ನೋಡುತ್ತಾ ಹೇಳಿದ: “ಬಾಯಲ್ಲಿ ಎತ್ತು ಅಂತೀರ ಗೌಡ್ರೇ. ನಾನ್ ಎತ್ತಿದ್ ದಿನ ನಿಮ್ ಮೊಕ ನೋಡಿದ್ದೀನಲ್ಲ.”

ನನ್ನ ಮುಖ ಅಷ್ಟು ದೂರಕ್ಕೂ ಕಾಣುತ್ತದೆಂದು ಯಾರಿಗೆ ಗೊತ್ತಿತ್ತು? ಆಮೇಲೆ ನನಗೇ ಒಂದು ಉಪಾಯ ಹೊಳೆಯಿತು. ಹೊಳೆದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ, ಮನೆಗೆ ಓಡಿಬಂದು ಬಾವಿಯ ರಾಟೆ ಬಿಚ್ಚಿದೆ.

೨೪ ಫೆಬ್ರವರಿ, ಭಾನುವಾರ

ಇಂಥ ಭಾನುವಾರ ಬಾಗಲಗುಂಟೆ ಕಂಡಿರಲಾರದು. ಕಣದ ಪಕ್ಕದ ಹುಣಸೆಮರದ ಕೊಂಬೆಗೆ ರಾಟೆ ಕಟ್ಟಿದೆ. ಬಕೆಟ್ಟಿಗೆ ಕಲ್ಲು ತುಂಬಿ ಹಗ್ಗ ಬಿಗಿದು, ನಾನು ಮೇಲಿನ ಕವಲಿನಲ್ಲಿ ಕುಳಿತೆ. ಅದೇ ನನ್ನ ಕ್ಯಾಬಿನ್ನು. ಕೆಳಗೆ ಒಂದು ಮಡಕೆ ಬೋರಲು ಹಾಕಿದೆವು. ಕಲ್ಲಿನ ಬಕೆಟ್ಟು ಮಡಕೆಗೆ ತಾಗುವಷ್ಟು ಹತ್ತಿರ ಬಂದು, ತಾಗದೆ ನಿಲ್ಲಬೇಕು. ನನಗೆ ಎಲೆಗಳ ನಡುವೆ ಮಡಕೆ ಕಾಣುವುದಿಲ್ಲ, ಅವನ ಕೈ ಮಾತ್ರ ಕಾಣುತ್ತದೆ.

ಮೊದಲ ಮಡಕೆ ಚೂರಾಯಿತು. ಎರಡನೆಯದೂ ಹೋಯಿತು. ಸೊಣ್ಣಮ್ಮ ಮನೆಯಿಂದ ಹೊರಬಂದು ನಿಂತಳು. ಅವಳ ಹಿಂದೆ ಅರ್ಧ ಊರು ಬಂತು. ಮುನಿಯಲ್ಲನಿಗೆ ಬೆವರು. ಅಷ್ಟು ಜನರ ಎದುರು ಗೌಡನ ಕಡೆ ಬೆರಳು ತೋರಿಸುವುದೆಂದರೆ ಸಾಮಾನ್ಯವೇ? ನನ್ನ ನೋಡಬೇಡ, ಬಕೆಟ್ಟು ನೋಡು ಎಂದು ಮರದ ಮೇಲಿಂದಲೇ ಕೂಗಿದೆ. ಬಕೆಟ್ಟನ್ನು ನೋಡುತ್ತಾ ನೋಡುತ್ತಾ ಅವನ ಕೈ ಹೊಟ್ಟೆಯಿಂದ ಎದೆಗೆ ಬಂತು, ಎದೆಯಿಂದ ಭುಜಕ್ಕೆ ಬಂತು.

ಅಷ್ಟರಲ್ಲಿ ನರಸಿಂಹಯ್ಯ ದೊಡ್ಡಪ್ಪ ಕೋಲೂರಿಕೊಂಡು ಬಂದರು. ಅವರ ಮಾತಿಗೆ ಊರಿನಲ್ಲಿ ಎದುರಾಡುವವರಿಲ್ಲ. ಮರದ ಬುಡದಲ್ಲಿ ನಿಂತು ತಲೆಯೆತ್ತಿ, “ಆಳು ಕೈ ಆಡಿಸ್ದಂಗೆ ಗೌಡ ಕುಣೀತಾ ಅವ್ನೆ. ನಿಮ್ಮಪ್ಪ ಇದ್ದಿದ್ರೆ ಏನಂತಿದ್ದ?” ಎಂದು ಕೇಳಿದರು.

ಅಪ್ಪನ ಹೆಸರು ಕೇಳಿ ಕ್ಷಣ ಎದೆ ಝಲ್ಲೆಂದಿತು, ನಿಜ. ಆದರೆ ಮುನಿಯಲ್ಲ ಆಗಲೇ ‘ಇಳಿಸು’ ತೋರಿಸಿದ್ದ, ಹಗ್ಗ ಜಾರುತ್ತಿತ್ತು. ಈಗ ಮಾತಾಡಿಸಬೇಡಿ ದೊಡ್ಡಪ್ಪ, ಕೈಲಿ ಭಾರ ಇದೆ ಅಂದೆ. ಅವರು ಏನೋ ಗೊಣಗಿ ಹೋದರು. ಮಡಕೆ ಉಳಿಯಿತು! ಆ ಗಲಾಟೆಯಲ್ಲೂ ಮಡಕೆ ಉಳಿಯಿತು.

೩ ಮಾರ್ಚ್, ಭಾನುವಾರ

ನಗು ಇನ್ನೂ ತಡೆಯಲಾಗುತ್ತಿಲ್ಲ. ಮನೆಯಲ್ಲಿ ಹಳೆಯ ಮಡಕೆಗಳೆಲ್ಲಾ ಮುಗಿದಿದ್ದವು. ಸೊಣ್ಣಮ್ಮ ನೀರು ಕಾಯಿಸಲು ತಂದಿಟ್ಟಿದ್ದ ಹೊಸ ದೊಡ್ಡ ಮಡಕೆಯನ್ನು ಅವಳಿಗೆ ಹೇಳದೆ ತಂದೆವು. ಇದು ಒಡೆದರೆ ಗೌಡನೂ ಇಲ್ಲ, ಆಳೂ ಇಲ್ಲ, ಇಬ್ಬರಿಗೂ ಒಂದೇ ಪೂಜೆ.

ಇಳಿಸುತ್ತಾ ಬಂದೆ. ಹಸಿ ಹಗ್ಗ, ಕೈ ಜಾರಿತು. ಬಕೆಟ್ಟು ಸರ್ರನೆ ಹೋಯಿತು. ಮುನಿಯಲ್ಲಪ್ಪ ಎರಡೂ ಕೈ ಆಕಾಶಕ್ಕೆ ಎತ್ತಿ ಊರಿಗೇ ಕೇಳುವ ಹಾಗೆ ಅರಚಿದ: “ನಿಲ್ಸಲೇ ಬೈರಾ!”

ನಾನು ನಿಲ್ಲಿಸಿದೆ. ಅಂಗೈ ಸುಲಿಯಿತು, ಬಕೆಟ್ಟು ಮಡಕೆಯ ಮೇಲೆ ಒಂದು ಬೆರಳು ಜಾಗ ಬಿಟ್ಟು ತೂಗಾಡಿತು. ತಾನು ಏನೆಂದು ಕೂಗಿದೆ ಎಂಬುದು ಆಮೇಲೆ ಅವನಿಗೆ ಅರಿವಾಯಿತು. ಮುಖ ಬೂದಿಯಾಗಿ, ಹುಲ್ಲಿನ ಬಣವೆಯ ಹಿಂದಕ್ಕೆ ಓಡಿದ. ನಾನು ಮರ ಇಳಿದು, ಬಣವೆ ಸುತ್ತಿ ಹೋಗಿ ಹಿಡಿದು ತಂದೆ. ಮಡಕೆ ಉಳಿಯಿತು ಕಣಯ್ಯಾ, ನೋಡು ಬಾ ಎಂದು ತೋರಿಸಿದೆ. ಇಬ್ಬರೂ ಬದುವಿನ ಮೇಲೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಸೊಣ್ಣಮ್ಮ ಅಂಗೈಗೆ ಹಚ್ಚಲು ಎಣ್ಣೆ ತಂದವಳು ಅದೇ ಕೈಯಲ್ಲಿ ಮಡಕೆ ಕಿತ್ತುಕೊಂಡು ಹೋದಳು.

ಯೋಚಿಸಿದರೆ ನನಗೆ ಸಿಟ್ಟು ಬರಬೇಕಿತ್ತು. ಖುಷಿಯಲ್ಲಿ ಮರೆತುಹೋಯಿತು.

೫ ಮಾರ್ಚ್, ಮಂಗಳವಾರ

ನಾಳೆ. ಊಟ ಸೇರಲಿಲ್ಲ.

೬ ಮಾರ್ಚ್, ಬುಧವಾರ

ಮರೆಯುವ ಮೊದಲು ಬರೆದಿಡಬೇಕು, ಅಕ್ಷರ ಹೇಗಾದರೂ ಬರಲಿ.

ಹೊಸ ಲೇತ್ ಯಂತ್ರದ ದೊಡ್ಡ ಪೆಟ್ಟಿಗೆ. ಅದನ್ನು ಶೆಡ್ಡಿನ ಆ ತುದಿಯಿಂದ ಈ ತುದಿಗೆ ಒಯ್ದು ಸಿಮೆಂಟ್ ಕಟ್ಟೆಯ ಮೇಲೆ ಇಳಿಸಬೇಕು. ಇಂಜಿನಿಯರು ಕಟ್ಟೆಯ ಈಚೆ ನಿಂತಿದ್ದರು. ಮುನಿಯಲ್ಲಪ್ಪ ಆಚೆ. ಎತ್ತುವಾಗ ಚೆನ್ನಾಯಿತು, ಸಾಗಿಸುವಾಗ ಇನ್ನೂ ಚೆನ್ನಾಯಿತು. ಮುನಿಯಲ್ಲಪ್ಪನ ಕೈ ತಲೆಗಿಂತ ಮೇಲೆ, ಬಾವುಟದ ಹಾಗೆ ಸ್ಪಷ್ಟ. ಕಟ್ಟೆಯ ನೇರಕ್ಕೆ ತಂದೆ. ಇಳಿಸು ಎಂದು ಸನ್ನೆ ಬಂತು, ಇಳಿಸಿದೆ. ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಮುಷ್ಟಿ ಎದ್ದಿತು.

ಮೇಲಿನಿಂದ ನನಗೆ ಯಾವ ತೊಂದರೆಯೂ ಕಾಣಲಿಲ್ಲ. ಇಂಜಿನಿಯರು ನನ್ನ ಕಡೆ ತಿರುಗಿ, ಇಳಿಸು ಇಳಿಸು ಎಂದು ಬೆರಳು ಆಡಿಸುತ್ತಿದ್ದರು. ಒಮ್ಮೆ ಆಡಿಸಿದರು, ಮತ್ತೆ ಜೋರಾಗಿ ಆಡಿಸಿದರು. ನಮ್ಮ ಅನ್ನ ಅವರ ಕೈಯಲ್ಲಿದೆ. ಈ ಕಡೆ ಇಂಜಿನಿಯರ ಬೆರಳು, ಆ ಕಡೆ ಮುನಿಯಲ್ಲಪ್ಪನ ಮುಷ್ಟಿ. ಆ ಮುಷ್ಟಿ ಅಲುಗಲಿಲ್ಲ. ನನ್ನ ಕೈಯೂ ಬ್ರೇಕಿನಿಂದ ಅಲುಗಲಿಲ್ಲ.

ಆಮೇಲೆ ಗೊತ್ತಾಯಿತು. ಕಟ್ಟೆಯ ಮೇಲೆ ಉಳಿದಿದ್ದ ಮರದ ತುಂಡನ್ನು ಎಳೆಯಲು ಲಾಲ್ ಸಾಬ್ ಆಚೆ ಕಡೆಯಿಂದ ಬಗ್ಗಿ ಪೆಟ್ಟಿಗೆಯ ಕೆಳಗೆ ಕೈ ಹಾಕಿದ್ದರು. ಇಂಜಿನಿಯರಿಗೆ ಅದು ಕಾಣುತ್ತಿರಲಿಲ್ಲ. ಒಂದು ಗೇಣು ಇಳಿಸಿದ್ದರೆ ಆ ಕೈ ಇರುತ್ತಿರಲಿಲ್ಲ. ಲಾಲ್ ಸಾಬ್ ಎದ್ದು ನಿಂತು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

ಪೆಟ್ಟಿಗೆ ಕೂತ ಮೇಲೆ ನನ್ನನ್ನು ಕೆಳಗೆ ಕರೆದರು. ಅಷ್ಟು ಸಲ ಇಳಿಸು ಅಂದರೂ ಯಾಕೆ ಇಳಿಸಲಿಲ್ಲ, ನಾನು ಯಾರೆಂದು ಗೊತ್ತಿಲ್ಲವೇ ಎಂದು ಇಂಜಿನಿಯರು ಕೇಳಿದರು. ಮುಖ ಕೆಂಪಾಗಿತ್ತು. ನಾನು ಕಲಿತಿದ್ದ ಇಂಗ್ಲಿಷೆಲ್ಲಾ ಹಾರಿಹೋಗಿತ್ತು.

“ಗೊತ್ತು ಸಾರ್. ಆದ್ರೆ ಇವ್ರು ನಿಲ್ಸು ಅಂದ್ರು.”

ಅವರು ಮುನಿಯಲ್ಲಪ್ಪನನ್ನು ನೋಡಿದರು, ಲಾಲ್ ಸಾಬರನ್ನು ನೋಡಿದರು, ಕಾಗದದಲ್ಲಿ ಏನೋ ಗೀಚಿ ಹೊರಟುಹೋದರು. ಪಾಸೋ ಫೇಲೋ ಹೇಳಲಿಲ್ಲ. ಹೊರಗೆ ಬಂದ ಮೇಲೆ ಮುನಿಯಲ್ಲಪ್ಪ ನನ್ನನ್ನೇ ದಿಟ್ಟಿಸಿ, ಒಳಗೆ ನನ್ನನ್ನ ಏನಂದ್ರಿ ನೀವು ಎಂದು ಕೇಳಿದ. ಏನಂದೆ? ಇದ್ದದ್ದು ಹೇಳಿದೆ ಅಂದೆ. ಯಾಕೆ ಹಾಗೆ ಕೇಳಿದನೋ ತಿಳಿಯಲಿಲ್ಲ.

೯ ಮಾರ್ಚ್, ಶನಿವಾರ

ಪಾಸು. ಪಾಸು. ಇಬ್ಬರೂ ಕಾಯಂ. ಎದುರುಗಾಳಿ ಇತ್ತೆಂದು ಸೊಣ್ಣಮ್ಮ ಹೇಳುತ್ತಾಳೆ, ನನಗೆ ಸೈಕಲ್ ತುಳಿದದ್ದೇ ನೆನಪಿಲ್ಲ. ಲಾಲ್ ಸಾಬ್ ಯಶವಂತಪುರದಿಂದ ಜಿಲೇಬಿ ತರಿಸಿ ತಮ್ಮ ಕೈಯಾರೆ ಹಂಚಿದರು. ಮುನಿಯಲ್ಲಪ್ಪನಿಗೆ ಒಂದು ಹೆಚ್ಚು. ಅದರಲ್ಲಿ ಅರ್ಧ ಮುರಿದು ನನ್ನ ಕೈಗೆ ಹಾಕಿದ, ತಿಂದೆ. ಬಹಳ ರುಚಿಯಾಗಿತ್ತು.

ನರಸಿಂಹಯ್ಯ ದೊಡ್ಡಪ್ಪ ಇನ್ನೂ ಮಾತು ಬಿಟ್ಟಿದ್ದಾರೆ. ಎದುರು ಸಿಕ್ಕರೆ ಕತ್ತು ತಿರುಗಿಸುತ್ತಾರೆ. ಇಂಥ ದಿನ ಅವರಿಗೂ ಒಂದು ಜಿಲೇಬಿ ಕೊಡಲಾಗಲಿಲ್ಲವಲ್ಲ ಎಂದು ಬೇಜಾರಾಯಿತು. ಆದರೆ ಮತ್ತೆ ಮರ ಹತ್ತು ಅಂದರೆ ಹತ್ತುತ್ತೇನೆ.

೧೧ ಮಾರ್ಚ್, ಸೋಮವಾರ

ಸಂಜೆ ಕ್ಲಾಸಿಗೆ ಹೋದರೆ ಹಿಂದಿನ ಬೆಂಚಿನಲ್ಲಿ ಮುನಿಯಲ್ಲಪ್ಪ ಕೂತಿದ್ದಾನೆ. ನನಗೆ ಒಂದು ಮಾತೂ ಹೇಳಿರಲಿಲ್ಲ. ಕ್ರೇನಿನವರು ಬೋರ್ಡು ಓದಲು ಕಲಿಯಬೇಕೆಂದು ತಾನೇ ಹೆಸರು ಕೊಟ್ಟನಂತೆ. ಸ್ವಲ್ಪ ಮುನಿಸಾಯಿತು. ನನ್ನ ಪಕ್ಕ ಜಾಗವಿತ್ತು, ಅಲ್ಲಿಗೆ ಕರೆದು ಕೂರಿಸಿಕೊಂಡೆ.

ಹೊಸಬರಿಗಾಗಿ ಆನಂದಪ್ಪನವರು ಹಳೆಯ ಪದಗಳನ್ನು ಮತ್ತೆ ತೆಗೆದರು. ಕಲೀಗ್ ಬಂತು. ನಾನು ಸಿದ್ಧನಾಗಿಯೇ ಬಂದಿದ್ದೆ. ಮುನಿಯಲ್ಲಪ್ಪ ನನ್ನ ಕಲೀಗ್, ನಾವಿಬ್ಬರೂ ಪರೀಕ್ಷೆಯಲ್ಲಿ ಪಾಸಾದೆವು, ಹೀಗೆ ಒಂದಲ್ಲ, ಪುಟ ತುಂಬ ವಾಕ್ಯಗಳಿದ್ದವು. ಕೈ ಎತ್ತಿದೆ. ಅವರು ನನ್ನನ್ನು ದಾಟಿ, ಹೊಸಬರು ಹೇಳಲಿ ಎಂದು ಅವನನ್ನು ಎಬ್ಬಿಸಿದರು.

ಅವನು ಎದ್ದ. ಕೈ ಕಟ್ಟಿಕೊಳ್ಳಲಿಲ್ಲ, ನೆಲ ನೋಡಲಿಲ್ಲ. ಸ್ವಲ್ಪ ಹೊತ್ತು ಬಾಯಲ್ಲಿ ಪದವನ್ನು ಹದ ಮಾಡಿಕೊಂಡು ಹೇಳಿದ:

“ಚಿಕ್ಕಬೈರಪ್ಪ ನನ್ನ ಕಲೀಗು. ನಾನು ಕೈ ಎತ್ತಿದ್ರೆ ನಿಂತ್ಕತಾನೆ.”

ನಮ್ಮೂರ ಕಡೆಯ ಇಬ್ಬರು ನನ್ನ ಮುಖ ನೋಡಿದರು. ಆನಂದಪ್ಪನವರೂ ನೋಡಿದರು. ನಾನು ಬೋರ್ಡು ನೋಡುತ್ತಿದ್ದೆ. ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ. ವಾಕ್ಯ ಸರಿಯಾಗಿದೆಯೇ ಎಂದು ಆನಂದಪ್ಪನವರು ನನ್ನನ್ನೇ ಕೇಳಿದರು. ಸರಿಯಾಗಿದೆ ಸಾರ್ ಅಂದೆ. ಅವನು ಕೂತ. ಬೆಂಚು ಚಿಕ್ಕದು, ನಾನು ಇನ್ನಷ್ಟು ಸರಿದು ಜಾಗ ಬಿಟ್ಟೆ.

ಈ ಪದ ಸಿಕ್ಕ ದಿನದಿಂದ ನನ್ನ ಕಲೀಗ್ ಯಾರು, ನನ್ನ ಕಲೀಗ್ ಯಾರು ಎಂದು ಹುಡುಕುತ್ತಲೇ ಇದ್ದೆ. ನಾನು ಯಾರ ಕಲೀಗ್ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಮನೆಗೆ ಬಂದವನೇ ಸೊಣ್ಣಮ್ಮನಿಗೆ ಹೇಳಿದೆ, ಇವತ್ತು ನಾನು ಒಬ್ಬರಿಗೆ ಕಲೀಗ್ ಆದೆ ಅಂತ. ಯಾರಿಗೆ ಎಂದು ಅವಳು ಕೇಳಲೂ ಇಲ್ಲ, ಕೈಕಾಲು ತೊಳೆದುಕೊಂಡು ಊಟಕ್ಕೆ ಬನ್ನಿ ಅಂದಳು.